ಎಡಗೈ ತುತ್ತು

ನನ್ನ ವಾರಗಿತ್ತಿ ಎಡಚಿ. ಎಡಗೈಯಲ್ಲಿ ಕಸ ಗುಡಿಸುತ್ತಿದ್ದಳು, ಎಡಗೈಯಲ್ಲಿ ಕಾಯಿ ತುರಿಯುತ್ತಿದ್ದಳು, ಮೈಮರೆತರೆ ಎಡಗೈಯಲ್ಲೇ ಬಡಿಸಿಯೂ ಬಿಡುತ್ತಿದ್ದಳು. ಹಾಗೆ ಸೌಟು ಹಿಡಿದಾಗಲೆಲ್ಲ ಅತ್ತೆ ತಟ್ಟೆಯನ್ನು ಹಿಂದಕ್ಕೆಳೆದುಕೊಂಡು, ನಿಮ್ಮ ತುರುವೇಕೆರೆ ಕಡೆ ಬಲಗೈ ಕೊಟ್ಟು ಕಳಿಸಲಿಲ್ಲವೇನೇ ಎಂದು ಕೇಳುತ್ತಿದ್ದರು. ನಾನು ಪಕ್ಕದಲ್ಲಿ ತಲೆ ತಗ್ಗಿಸಿ ಉಣ್ಣುತ್ತಿದ್ದೆ. ಒಳಗೊಳಗೇ ಹಿತವಾಗುತ್ತಿತ್ತು.

ಯಾಕೆಂದರೆ ನನಗೂ ಅತ್ತೆಗೂ ಇದ್ದ ನಂಟೇ ಬೇರೆ. ಅವರು ನನ್ನ ಅಪ್ಪನ ಒಡಹುಟ್ಟಿದ ಅಕ್ಕ. ಅರಳಗುಪ್ಪೆಯ ನಮ್ಮ ಮನೆಯಿಂದ ಹಂದನಕೆರೆ ಕಡೆಯ ಈ ತೋಟದ ಮನೆಗೆ ಮೊದಲು ಅವರು ಬಂದರು, ಎಷ್ಟೋ ವರ್ಷದ ಮೇಲೆ ಅವರ ಹಿರಿಮಗನ ಕೈಹಿಡಿದು ನಾನು ಬಂದೆ. ನನ್ನನ್ನು ಅವರು ಹೆಸರು ಹಿಡಿದು ಕರೆದವರಲ್ಲ, 'ಮಗ' ಎನ್ನುತ್ತಿದ್ದರು. ಆ ಮನೆಯಲ್ಲಿ ಆ ಮಾತು ನನ್ನೊಬ್ಬಳ ಸ್ವತ್ತು. ಕಿರಿಸೊಸೆಗೆ 'ಲೇ ಇವಳೇ' ಸಾಕಾಗಿತ್ತು.

ಎಪ್ಪತ್ತರ ದಶಕದ ಕೊನೆಯಲ್ಲಿ, ಒಂದು ಬೆಳಗ್ಗೆ ಹಿತ್ತಲಲ್ಲಿ ಮುಖ ತೊಳೆಯುತ್ತಿದ್ದಾಗ ಅತ್ತೆಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಬಿದ್ದುಹೋದವು. ಬಾಯಿ ಸೊಟ್ಟಗಾಗಿ ಮಾತು ತೊದಲಾಯಿತು. ಕಣ್ಣಿಗೆ ಮೊದಲೇ ಪೊರೆ ಬಂದಿತ್ತು, ಎದುರಿಗೆ ನಿಂತವರನ್ನು ದನಿಯಿಂದ ಗುರುತು ಹಿಡಿಯುತ್ತಿದ್ದರು. ತಿಪಟೂರಿನ ಆಸ್ಪತ್ರೆಯಲ್ಲಿ ಡಾಕ್ಟರು, ತಲೆಯೊಳಗೆ ಬಲಗಡೆ ಪೆಟ್ಟಾಗಿದೆ, ಅದಕ್ಕೇ ಎಡಗಡೆ ಸ್ವಾಧೀನ ತಪ್ಪಿದೆ ಎಂದರು. ಮನೆಯವರೆಲ್ಲ ಪಿಳಿಪಿಳಿ ಕಣ್ಣು ಬಿಟ್ಟರು. ನಾನೊಬ್ಬಳೇ ತಲೆಯಾಡಿಸಿದೆ. ಎಸ್ಸೆಸ್ಸೆಲ್ಸಿ ಪಾಸು ಮಾಡಿದವಳಲ್ಲವೇ ನಾನು! ಮಿದುಳಿನ ನರಗಳು ಅಡ್ಡ ಹಾಯುತ್ತವೆ, ಬಲಭಾಗ ದೇಹದ ಎಡವನ್ನೂ ಎಡಭಾಗ ಬಲವನ್ನೂ ಆಳುತ್ತದೆ ಎಂದು ಬಾಯಿಪಾಠ ಮಾಡಿದ್ದೆ. ಅನ್ನನಾಳ, ಜಠರ, ಸಣ್ಣ ಕರುಳು, ದೊಡ್ಡ ಕರುಳು ಎಂದು ಚಿತ್ರ ಬರೆದು ಬಣ್ಣ ತುಂಬಿದ್ದೆ. ಹೊಟ್ಟೆಗೆ ಹೋದರೆ ಉಳಿಯುತ್ತಾರೆ, ಮೆತ್ತಗೆ ಮಾಡಿ ಕೊಡಿ ಎಂದು ಡಾಕ್ಟರು ಹೇಳಿ ಕಳಿಸಿದಾಗ, ಉಣಿಸುವವಳು ನಾನೇ ಎಂದು ನಾನೇ ತೀರ್ಮಾನ ಮಾಡಿಬಿಟ್ಟೆ.

ನಡುಮನೆಯಲ್ಲಿ, ಕೊಬ್ಬರಿಗೆಂದು ಕಾಯಿ ತುಂಬಿದ ಅಟ್ಟದ ಕೆಳಗೆ ಮಂಚ ಹಾಕಿದೆವು. ದಿಂಬು ಒರಗಿಸಿ ಕೂರಿಸಿ, ಮುದ್ದೆಯನ್ನು ಬೆಣ್ಣೆಯಂತೆ ನಾದಿ, ಕಟ್ಟಿನ ಸಾರಿನಲ್ಲಿ ಅದ್ದಿ, ಎದುರಿಗೆ ಕೂತು ಬಾಯಿಗಿಟ್ಟೆ. ನಮ್ಮ ಕಡೆ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ನುಂಗುವುದೇ. ನನಗೆ ನುಂಗುವುದನ್ನು ಕಲಿಸಿದವರೂ ಇದೇ ಅತ್ತೆ. ತವರಿಗೆ ಬಂದಾಗ ತೊಡೆಯ ಮೇಲೆ ಕೂರಿಸಿಕೊಂಡು, ಗೋಲಿಯಷ್ಟು ಮುದ್ದೆಯನ್ನು ನಾಲಿಗೆಯ ಮೇಲಿಟ್ಟು, ಕೆಳಗಿಳಿಯಲಿ ಎಂದು ಗಂಟಲು ಸವರುತ್ತಿದ್ದರು. ಈಗ ನಾನಿಟ್ಟ ತುತ್ತು ಒಳಗೆ ಹೋದಂತೆ ಕಂಡು, ಸ್ವಲ್ಪ ಹೊತ್ತಿಗೆ ಜೊಲ್ಲಿನ ಜೊತೆ ಕಟಬಾಯಿಯಿಂದ ಇಳಿದು ಸೆರಗಿನ ಮೇಲೆ ಬಿತ್ತು. ಇನ್ನೊಂದು ಇಟ್ಟೆ. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ತಂದುಕೊಂಡರು.

ಆಗ ವಾರಗಿತ್ತಿ ಬಂದು, ನೀನು ಏಳಕ್ಕ, ನಾನು ನೋಡುತ್ತೇನೆ ಎಂದಳು. ಅದೇ ತಟ್ಟೆ, ಅದೇ ಮುದ್ದೆ, ನಾನು ಎದ್ದ ಜಾಗದಲ್ಲೇ ಕೂತಳು. ಎಡಗೈಯಲ್ಲಿ ತುತ್ತು ಮಾಡಿ ಇಟ್ಟಳು. ಅತ್ತೆಯ ಗಂಟಲು ಗುಳಕ್ ಎಂದಿತು. ಮತ್ತೊಂದು, ಮತ್ತೆ ಗುಳಕ್. ಮುದ್ದೆ ಮುಗಿಯುವವರೆಗೆ ನಾನು ಕಂಬಕ್ಕೆ ಒರಗಿ ನಿಂತು ನೋಡಿದೆ. ಆ ಎಡಗೈಯನ್ನು ಕಂಡು ತಟ್ಟೆ ಎಳೆದುಕೊಳ್ಳುತ್ತಿದ್ದವರು ಇವರೇನಾ ಎನಿಸಿತು.

ಅವತ್ತಿನಿಂದ ನನಗೆ ಹತ್ತಿದ ಹೊಟ್ಟೆಕಿಚ್ಚನ್ನು ಹೇಗೆ ಹೇಳಲಿ? ಅವಳು ಅತ್ತೆಯ ಬಾಯಿ ಒರೆಸುವುದು ಕಂಡರೆ ಉರಿಯುತ್ತಿತ್ತು. ಅವಳ ಬಳೆಯ ಸದ್ದು ನಡುಮನೆಯಿಂದ ಕೇಳಿದರೆ ಉರಿಯುತ್ತಿತ್ತು. ತಟ್ಟೆಯ ಮುಂದೆ ಕೂತರೆ ನನ್ನ ಬಾಯಿ ಒಣಗುತ್ತಿತ್ತು. ಸಿಟ್ಟಿಗೂ ಸಂಕಟಕ್ಕೂ ನರಗಳು ಜೊಲ್ಲನ್ನು ನಿಲ್ಲಿಸಿಬಿಡುತ್ತವೆ, ಹಸಿವನ್ನು ಅಡಗಿಸುತ್ತವೆ ಎಂದು ನಾನೇ ಓದಿದ್ದೆ. ಓದಿದ್ದರಿಂದ ಹಸಿವೇನೂ ವಾಪಸು ಬರಲಿಲ್ಲ.

ಸೋಲೊಪ್ಪುವ ಜಾಯಮಾನ ನನ್ನದಲ್ಲ. ಅತ್ತೆಯ ತವರಿನ ರುಚಿ ನನಗಲ್ಲದೆ ಆ ತುರುವೇಕೆರೆಯವಳಿಗೆ ಗೊತ್ತೇ ಎಂದು ಹುರುಳಿಕಟ್ಟಿನ ಸಾರು ಮಾಡಿದೆ, ಕಾಯಿಹಾಲು ಹಿಂಡಿ ಗಂಜಿ ಮಾಡಿದೆ. ಎಲ್ಲಾ ಸೆರಗಿನ ಮೇಲೆಯೇ ಬಿತ್ತು. ನೋಡಲು ಬಂದ ಪಕ್ಕದ ತೋಟದ ಹೆಂಗಸು ಸುಮ್ಮನೆ ಹೋಗಬಾರದೇ? ಒಡಹುಟ್ಟಿದ ತಮ್ಮನ ಮಗಳು ಇಟ್ಟರೆ ಉಗಿಯುತ್ತಾರೆ, ಹೊರಗಿನವಳು ಇಟ್ಟರೆ ಉಣ್ಣುತ್ತಾರೆ, ಏನು ಮಾಡಿದ್ದೆಯೋ ತಾಯಿ ಎಂದು ನನ್ನನ್ನೇ ಕೇಳಿದಳು. ನನ್ನ ಗಂಡನೋ, "ಯಾರ್ ಕೈಲಾದ್ರೇನು ಬುಡು, ಉಂಡ್ರೆ ಸಾಕು," ಎಂದು ಹೆಗಲಿಗೆ ಟವೆಲ್ಲು ಹಾಕಿಕೊಂಡು ತೋಟಕ್ಕೆ ಹೋದರು. ನನಗೆ ಸಾಕಾಗುತ್ತಿರಲಿಲ್ಲ. ಅತ್ತೆ ಬದುಕಬೇಕು, ಆದರೆ ನನ್ನ ಕೈಯಲ್ಲಿ ಉಂಡು ಬದುಕಬೇಕು. ಅಷ್ಟೇ ನನ್ನ ಹಟ.

ಕೊಬ್ಬರಿ ಕಾಯಿ ಸುಲಿಯಲು ಆಳುಗಳು ಬಂದ ದಿನ ವಾರಗಿತ್ತಿ ಬೆಳಗಿನಿಂದ ಒಲೆಯ ಮುಂದೆಯೇ ಇದ್ದಳು. ಎರಡು ಹೊತ್ತೂ ಉಣಿಸುವ ಪಾಳಿ ನನ್ನದಾಯಿತು. ಬೆಳಗ್ಗೆ ಇಟ್ಟದ್ದರಲ್ಲಿ ಅರ್ಧ ಸೆರಗಿಗೆ ಬಿದ್ದಿತ್ತು, ಅರ್ಧ ಹೋಯಿತು ಎಂದುಕೊಂಡಿದ್ದೆ. ಮಧ್ಯಾಹ್ನ ಉಣಿಸುವ ಮುಂಚೆ ಬಾಯಿ ಸ್ವಚ್ಛ ಮಾಡೋಣವೆಂದು ಒದ್ದೆ ಬಟ್ಟೆ ಸುತ್ತಿದ ಬೆರಳನ್ನು ಒಳಗೆ ಆಡಿಸಿದೆ. ಎಡಗೆನ್ನೆಯ ಸಂದಿನಲ್ಲಿ ಮೆತ್ತಗೆ ಏನೋ ಸಿಕ್ಕಿತು. ತೆಗೆದು ನೋಡಿದರೆ ನಾನು ಬೆಳಗ್ಗೆ ಇಟ್ಟ ಮುದ್ದೆ! ಅಷ್ಟು ಹೊತ್ತೂ ಅಲ್ಲೇ ಕೂತಿತ್ತು, ಅತ್ತೆಗೆ ಗೊತ್ತೇ ಆಗಿರಲಿಲ್ಲ.

ಎಡಗೆನ್ನೆಯನ್ನು ಹೊರಗಿನಿಂದ ಮೆಲ್ಲಗೆ ಚಿವುಟಿದೆ. ಅವರು ಮಿಸುಕಲಿಲ್ಲ. ಬಲಗೆನ್ನೆ ಚಿವುಟಿದೆ. ಹಾ ಎಂದು ಮುಖ ಹಿಂದೆಳೆದುಕೊಂಡರು. ಎದುರಿಗೆ ಕೂತವಳ ಬಲಗೈ ಸೀದಾ ಹೋಗುವುದು ಅವರ ಎಡಗೆನ್ನೆಗೆ. ಅಲ್ಲಿ ನರ ಸತ್ತಿದೆ, ತುತ್ತು ಬಂದದ್ದು ಮಿದುಳಿಗೆ ತಿಳಿಯದು, ತಿಳಿಯದೆ ನುಂಗು ಎಂಬ ಅಪ್ಪಣೆ ಗಂಟಲಿಗೆ ಬರುವುದಾದರೂ ಹೇಗೆ? ವಾರಗಿತ್ತಿಯ ಎಡಗೈ ಹೋಗುತ್ತಿದ್ದದ್ದು ಬಲಗೆನ್ನೆಗೆ, ಜೀವವಿದ್ದ ಕಡೆಗೆ. ಇದು ಅವಳಿಗೂ ತಿಳಿದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಅತ್ತೆ ನನ್ನನ್ನು ಉಗಿದಿರಲಿಲ್ಲ! ಗೋಡೆಗೆ ತಲೆಯಿಟ್ಟು ಸದ್ದಿಲ್ಲದೆ ನಕ್ಕೆ, ನಗುತ್ತಲೇ ಅತ್ತುಬಿಟ್ಟೆ.

ಬಲಗೈಯನ್ನೇ ತಿರುಗಿಸಿ ಆ ಕಡೆ ಇಡಲು ನೋಡಿದೆ. ಮಣಿಕಟ್ಟು ಹೊರಳಿ ಸಾರು ಅವರ ಎದೆಯ ಮೇಲೆ ಚೆಲ್ಲಿತು. ಬಾಗಿಲ ಕಡೆ ನೋಡಿದೆ, ಯಾರೂ ಇರಲಿಲ್ಲ. ಹೆತ್ತತಾಯಿಗೆ ಸಮನಾದವರಿಗೆ ಎಡಗೈಯಲ್ಲಿ ಉಣಿಸುವುದೆಂದರೆ ನನಗೆ ಮೈಯೆಲ್ಲ ಹಿಡಿಯಾಯಿತು. ಆದರೂ ತುತ್ತು ಮಾಡಿದೆ. ಬಲಗೆನ್ನೆಯ ಒಳಗಿಟ್ಟು ಗಂಟಲು ಸವರಿದೆ. ಗುಳಕ್.

ಉಸಿರು ಬಿಟ್ಟರೆ ಎಲ್ಲಿ ತಪ್ಪಿಹೋದೀತೋ ಎಂಬ ಹೆದರಿಕೆಗೆ ನಾನು ಮಾತೇ ಆಡಲಿಲ್ಲ. ಒಂದಾದ ಮೇಲೊಂದು ಇಟ್ಟೆ, ಒಂದಾದ ಮೇಲೊಂದು ಇಳಿಯಿತು. ತಟ್ಟೆ ಖಾಲಿಯಾದಾಗ ನಾನು ಕಣತ್ತೆ, ನಾನೇ ಉಣಿಸಿದ್ದು ಎನ್ನಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಬಲಗೈ ಎತ್ತಿ ನನ್ನ ಎಡಗೈಯನ್ನು ತಡವಿ ಹಿಡಿದುಕೊಂಡರು.

"ಎಡಗೈ ಎಡಗೈ ಅಂತ ಎಷ್ಟ್ ಬೈದ್ನಲ್ಲೇ ನಿನ್ನ," ಎಂದರು, ಒಂದೊಂದೇ ಮಾತನ್ನು ತೊದಲುತ್ತಾ. "ಮನಸ್ಗೆ ಹಾಕ್ಕಬೇಡ ಕಣೇ, ಮಗ."

ಅವರು ಬಿಡುವವರೆಗೂ ಕೈ ಕೊಟ್ಟುಕೊಂಡು ಕೂತಿದ್ದೆ.

ಆ ಮಾತು ನನ್ನದಲ್ಲ, ಇಟ್ಟುಕೊಳ್ಳಲು ಬರುವಂತಿರಲಿಲ್ಲ. ತಟ್ಟೆ ಹಿಡಿದು ಅಡುಗೆಮನೆಗೆ ಹೋದೆ. ವಾರಗಿತ್ತಿ ಹೊಗೆಯಲ್ಲಿ ಕಣ್ಣು ಕೆಂಪಗೆ ಮಾಡಿಕೊಂಡು ಆಳುಗಳ ಮುದ್ದೆ ಕಟ್ಟುತ್ತಿದ್ದಳು. ಅತ್ತೆ ಅಂದದ್ದನ್ನು ಅಂದ ಹಾಗೇ ಹೇಳಿದೆ. ಅವಳು ಕೈ ನಿಲ್ಲಿಸಿದಳು.

"ಮಗ ಅಂದ್ರಾ, ಅಕ್ಕ?"

"ಹೂಂ."

"ನನ್ನಾ?"

"ನಿನ್ನೇ ಕಣೇ. ಮಗ ಅಂದ್ರು."

ಅವಳು ಎಡಗೈಯ ಮಣಿಕಟ್ಟಿನಿಂದ ಕಣ್ಣೊರೆಸಿಕೊಂಡು, ಬಿಸಿ ಮುದ್ದೆಯೊಂದನ್ನು ತಟ್ಟೆಗಿಟ್ಟು ನನ್ನ ಮುಂದೆ ತಳ್ಳಿದಳು. ಉಣ್ಣು, ಬೆಳಗಿನಿಂದ ಏನೂ ತಿಂದಿಲ್ಲ ನೀನು ಎಂದಳು. ಮುರಿದು, ಸಾರಿನಲ್ಲಿ ಅದ್ದಿ, ಬಾಯಿಗಿಟ್ಟುಕೊಂಡೆ. ನನ್ನ ಎರಡು ಕೆನ್ನೆಯೂ ನೆಟ್ಟಗಿದ್ದವು, ನರಗಳೂ ನೆಟ್ಟಗಿದ್ದವು. ಆದರೂ ಆ ತುತ್ತು ನನ್ನ ಗಂಟಲಲ್ಲಿ ಇಳಿಯಲಿಲ್ಲ.