ಮೊದಲ ಹಾಳೆಯಿಂದ

ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ನಾನು ಕುರ್ಚಿಯ ಮೇಲೆ ಕಾಲು ಮಡಚಿ ಕೂರುತ್ತೇನೆ. ಬೇರೆಯವರ ಗ್ರಂಥಾಲಯಕ್ಕೆ ಹೋದರೆ, ಚಪ್ಪಲಿ ಎಲ್ಲಿ ಬಿಡಲಿ ಎಂದು ಕೇಳುತ್ತೇನೆ. ನನ್ನಲ್ಲಿ ವಿನಯ ಅಂತ ಏನಾದರೂ ಇದ್ದರೆ ಅದು ಇಷ್ಟೇ.

ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು ನಾನು. ಯಾರ ಮಾತನ್ನೂ ಪುರಾವೆಯಿಲ್ಲದೆ ನಂಬುವುದಿಲ್ಲ ಎಂಬ ಜಂಬ ಬೇರೆ. ಆದರೆ ನನಗೆ ಅನುಕೂಲವಾದ ಮಾತನ್ನು ನಾನು ಒಮ್ಮೆಯೂ ಅನುಮಾನಿಸಿರಲಿಲ್ಲ ಎಂಬುದನ್ನು ನಿಮ್ಮೆದುರು ಒಪ್ಪಿಕೊಂಡುಬಿಡುತ್ತೇನೆ.

ಚಿತ್ರದುರ್ಗದ ನಮ್ಮ ಕಾನೂನು ಕಾಲೇಜಿನಲ್ಲಿ ಅಣಕು ನ್ಯಾಯಾಲಯದ ಸ್ಪರ್ಧೆಯಿತ್ತು. ನನಗೂ ನನ್ನ ಜೊತೆಗಾತಿ ರೂಪಾಳಿಗೂ ಕುರಿಗಾಹಿಗಳ ಪರ ವಾದಿಸುವ ಸರದಿ ಬಂತು. ಸೀನಿಯರ್‌ಗಳಿಂದ ಕೈಬದಲಾಗುತ್ತ ಬಂದ ನೋಟ್ಸಿನಲ್ಲಿ ಹಳೆಯ ತೀರ್ಪೊಂದರ ಚಿನ್ನದಂಥ ವಾಕ್ಯವಿತ್ತು. ತಲೆಮಾರುಗಳಿಂದ ಕುರಿ ಮೇಯಿಸಿದ್ದೇ ಹಕ್ಕು, ಬೇರೆ ಕಾಗದ ಬೇಕಿಲ್ಲ ಎಂಬರ್ಥದ್ದು. ರೂಪಾ ಅದನ್ನು ಬಾಯಿಪಾಠ ಮಾಡಿದಳು. ನಮ್ಮ ವಾದವೆಲ್ಲ ನಿಂತದ್ದು ಅದೊಂದರ ಮೇಲೆ.

ಸ್ಪರ್ಧೆಯ ನಿಯಮದ ಪ್ರಕಾರ ಆ ಪುಟದ ಜೆರಾಕ್ಸ್ ಲಗತ್ತಿಸಬೇಕು. ಮೊಬೈಲಿನಲ್ಲಿ ಸಿಕ್ಕದ್ದು ಬರೀ ಸಾರಾಂಶ. ನಮ್ಮ ಗ್ರಂಥಾಲಯದಲ್ಲಿ ಆ ಸಂಪುಟವೇ ಇರಲಿಲ್ಲ. ಹೊಳಲ್ಕೆರೆಯ ಒಬ್ಬ ವಕೀಲರ ಕಪಾಟಿನಲ್ಲಿ ಅದರ ಹಿಂದಿನದೂ ಇತ್ತು, ಮುಂದಿನದೂ ಇತ್ತು. ಹೊಸದುರ್ಗದಲ್ಲಿ ಇನ್ನೊಬ್ಬರ ಹತ್ತಿರ ಅದೇ ಸಿಕ್ಕಿತು, ಆದರೆ ಗೆದ್ದಲು ನನಗಿಂತ ಮೊದಲೇ ಓದಿ ಮುಗಿಸಿತ್ತು. ಸ್ಪರ್ಧೆಗೆ ಎರಡು ದಿನ ಉಳಿದಾಗ ಹಿರಿಯೂರಿನ ಬಸ್ಸು ಹತ್ತಿದೆ.

ಅಲ್ಲಿ ಒಬ್ಬ ಹಿರಿಯ ವಕೀಲರ ಕಚೇರಿ. ಅವರು ಕೋರ್ಟಿಗೆ ಹೋಗಿದ್ದರು. ಪುಸ್ತಕಗಳಿಗೆ ಕಾವಲು ಕೂತಿದ್ದವರು ಗುಮಾಸ್ತ ತಿಪ್ಪೇಸ್ವಾಮಿ.

“ಬಾರಮ್ಮ, ಕುಂತ್ಕ. ಯಾವೂರು?”

“ಹರಿಯಬ್ಬೆ ಸಾರ್. ನನಗೆ ಒಂದೇ ಒಂದು ಪುಟದ ಜೆರಾಕ್ಸ್ ಬೇಕಿತ್ತು.”

“ಬುಕ್ಕು ಐತೆ. ಆದ್ರೆ ಈ ಆಫೀಸಲ್ಲಿ ಮಧ್ಯದ ಹಾಳೆ ಕೊಡಂಗಿಲ್ಲ. ಕೇಸಿನ ಮೊದಲ್ನೇ ಹಾಳೆಯಿಂದ ಓದ್ಬೇಕು, ಆಮೇಲೆ ಜೆರಾಕ್ಸು. ನಮ್ಮ ಸಾಹೇಬ್ರ ರೂಲು.”

ಇದು ಯಾವ ಕಾಯಿದೆಯಲ್ಲಿದೆ, ಓದುಗನ ಸ್ವಾತಂತ್ರ್ಯದ ಗತಿ ಏನು, ನಾನು ಓದಿದೆನೋ ಇಲ್ಲವೋ ಎಂದು ಸಾಬೀತು ಮಾಡುವವರು ಯಾರು ಎಂದು ಮೂರು ಅಂಶ ಮುಂದಿಟ್ಟೆ. ಅವರು ಎಲೆಗೆ ಸುಣ್ಣ ಹಚ್ಚುತ್ತ ಕೇಳಿಸಿಕೊಂಡರು.

“ವಾದ ಮಾಡಾಕೆ ಅಲ್ಲಿ ಕೋರ್ಟ್ ಐತೆ ಕಣಮ್ಮ. ಇದು ಓದೋ ಜಾಗ.”

ನಾನು ಇಷ್ಟು ಬೇಗ ಯಾರಿಗೂ ಸೋತಿಲ್ಲ. ಕೂತು ಓದಿದೆ.

ತೀರ್ಪು ಬರೆಯುವವರಿಗೆ ಒಂದು ಪದ್ಧತಿಯಿದೆ. ಎರಡೂ ಕಡೆಯವರು ಹೇಳಿದ್ದನ್ನು ಮೊದಲು ಬರೆದು, ತಮ್ಮ ಮಾತನ್ನು ಕೊನೆಗೆ ಹೇಳುತ್ತಾರೆ. ನಮ್ಮ ಮನೆಯಲ್ಲಿ ತೀರ್ಪು ಮೊದಲು, ವಿಚಾರಣೆ ಆಮೇಲೆ. ಹಾಗಾಗಿ ಈ ಕ್ರಮ ನನ್ನ ತಲೆಗೆ ಹತ್ತಿರಲಿಲ್ಲ. ತೀರ್ಪಿನ ಹತ್ತನೇ ಪುಟದ ಕೊನೆಯ ಸಾಲಿಗೆ ಬಂದೆ. ‘ಅರ್ಜಿದಾರರ ವಕೀಲರು ವಾದಿಸುವುದೇನೆಂದರೆ’ ಎಂದಿತ್ತು. ಹಾಳೆ ತಿರುಗಿಸಿದರೆ, ಹನ್ನೊಂದನೆಯ ಪುಟದ ನೆತ್ತಿಯ ಮೇಲೆ ನಮ್ಮ ಚಿನ್ನದ ವಾಕ್ಯ. ನಾಲ್ಕು ಪುಟ ಕಳೆದ ಮೇಲೆ ನ್ಯಾಯಾಧೀಶರು ಅದನ್ನು ಎರಡೇ ಸಾಲಿನಲ್ಲಿ ತಳ್ಳಿಹಾಕಿದ್ದರು.

ಹೊರಗೆ ಬಂದು ಫೋನು ಮಾಡಿದೆ. “ಲೇ ರೂಪಾ, ಅದು ಕೋರ್ಟಿನ ಮಾತಲ್ಲ ಕಣೇ. ಸೋತ ವಕೀಲಂದು.”

“ಅಯ್ಯೋ ನಿನ್ನ! ನಾನು ಸ್ನಾನ ಮಾಡೋವಾಗ್ಲೂ ಅದ್ನೇ ಹೇಳ್ತಿದ್ದೀನಲ್ಲೇ!”

ಎರಡು ದಿನದಲ್ಲಿ ವಾದವನ್ನು ಹೊಸದಾಗಿ ಕಟ್ಟಿದೆವು. ಎರಡನೆಯ ಸ್ಥಾನ ಬಂತು. ಮುಗಿದ ಮೇಲೆ ಎದುರು ತಂಡದ ಹುಡುಗಿ ಹತ್ತಿರ ಬಂದು, “ಆ ಹಳೇ ಕೇಸು ಯಾಕ್ರೀ ಎತ್ತಲೇ ಇಲ್ಲ?” ಎಂದು ಬೇಸರದಿಂದ ಕೇಳಿದಳು. ಅವಳ ಕೈಯಲ್ಲಿ ಒಂದು ಜೆರಾಕ್ಸ್ ಹಾಳೆ. ಹತ್ತನೇ ಪುಟ, ಕೊನೆಯ ಸಾಲಿಗೆ ಹಳದಿ ಬಣ್ಣ. ನಾವು ಆ ವಾಕ್ಯ ಹೇಳಿದ್ದರೆ ಅವಳು ಎತ್ತಿ ತೋರಿಸಲಿದ್ದದ್ದು ಅದನ್ನೇ. ಮೊದಲ ಸ್ಥಾನ ಬಂದಿದ್ದರೂ ನನಗೆ ಅಷ್ಟು ಹಗುರೆನಿಸುತ್ತಿರಲಿಲ್ಲ.

ಆದರೆ ಒಂದು ಯೋಚನೆ ಮಾತ್ರ ಜೊತೆಯಲ್ಲೇ ಬಂತು. ತಾವು ಒಪ್ಪದ ಮಾತನ್ನು ಆ ನ್ಯಾಯಾಧೀಶರು ಎಷ್ಟು ಚೆಂದವಾಗಿ ಬರೆದಿಟ್ಟಿದ್ದರೆಂದರೆ, ವರ್ಷಗಟ್ಟಲೆ ವಿದ್ಯಾರ್ಥಿಗಳು ಅದನ್ನೇ ಸತ್ಯವೆಂದು ನಂಬಿದ್ದರು. ನಾನು ಯಾರ ಮಾತನ್ನು ಹಾಗೆ ಪೂರ್ತಿ ಕೇಳಿದ್ದೇನೆ?

ಆ ವಾರ ಊರಿಗೆ ಹೋದೆ. ಕುರಿ ಕೂಡುವ ರೊಪ್ಪದ ಬಾಗಿಲು ಮೂಡಲಿಗೇ ಇರಬೇಕು ಎಂದು ಅಪ್ಪ ಎಂದಿನಂತೆ ಶುರು ಮಾಡಿದ. ಅದು ಮೂಢನಂಬಿಕೆ ಎಂದು ಎರಡನೇ ವಾಕ್ಯಕ್ಕೇ ಬಾಯಿ ಹಾಕುವುದು ನನ್ನ ಅಭ್ಯಾಸ. ಈ ಸಲ ಸುಮ್ಮನೆ ಕೂತೆ. ಅಪ್ಪ ನಾಲ್ಕನೇ ವಾಕ್ಯಕ್ಕೆ ನಿಂತು ನನ್ನ ಮುಖ ನೋಡಿದ.

“ಯಾಕವ್ವ, ಹುಷಾರಿಲ್ವಾ?”

“ಹುಷಾರಾಗೇ ಇದೀನಪ್ಪ. ನೀನು ಪೂರ್ತಿ ಹೇಳು.”

ಅಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ. “ಮುಂದಿಂದು ನಾನೂ ಯೋಚ್ನೆ ಮಾಡಿಲ್ಲ ಕಣವ್ವ. ಇಲ್ಲಿಗಂಟ ಬರಾಕೆ ನೀನು ಯಾವತ್ತೂ ಬಿಟ್ಟಿರಲಿಲ್ಲ.”