ಒಂದು ಬಡಿತ ಎಂದರೆ ನಿಲ್ಲು

ಮಾವನವರ ಬಲಗೈ ಆ ಟರ್ಬೋದ ಬಾಯಿಯಿಂದ ಎಷ್ಟು ದೂರದಲ್ಲಿತ್ತು ಎಂದು ಇವತ್ತಿಗೂ ಮನಸ್ಸಿನಲ್ಲೇ ಅಳೆಯುತ್ತಿರುತ್ತೇನೆ. ಕೆಲವು ದಿನ ಒಂದು ಗೇಣು ಎನ್ನಿಸುತ್ತದೆ, ಕೆಲವು ದಿನ ನಾಲ್ಕು ಬೆರಳು. ಅಡುಗೆಮನೆಯಲ್ಲಿ ಮಿಕ್ಸಿಯ ಸದ್ದು ಇದ್ದಕ್ಕಿದ್ದಂತೆ ಏರಿದರೆ ಸಾಕು, ನನ್ನ ಕೈ ತಾನಾಗಿ ಮುಷ್ಟಿ ಕಟ್ಟುತ್ತದೆ. ಇಷ್ಟು ವರ್ಷವಾದ ಮೇಲೂ ಹೀಗಾಗುವುದನ್ನು ಕಂಡು ಮನೆಯವರು ನಗುತ್ತಾರೆ. ನಾನೂ ನಗುತ್ತೇನೆ, ಮಿಕ್ಸಿ ನಿಲ್ಲಿಸಿದ ಮೇಲೆ.

ಕೋಲಾರದ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿ, ಮದುವೆಯಾಗಿ ನಾನು ಬಂಗಾರಪೇಟೆಗೆ ಬಂದದ್ದು ತೊಂಬತ್ತರ ದಶಕದ ಮೊದಮೊದಲಿಗೆ. ಗಂಡನಿಗೆ ರೈಲ್ವೆಯಲ್ಲಿ ಕೆಲಸ, ಬೆಳಿಗ್ಗೆ ಹೋದರೆ ಮನೆಗೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಹಗಲೆಲ್ಲ ಮನೆಯಲ್ಲಿ ಇರುತ್ತಿದ್ದವರು ಅತ್ತೆ, ಮಾವ, ಎರಡು ಹಸು ಮತ್ತು ಒಂದು ಹಳೆಯ ಡೀಸೆಲ್ ಅಂಬಾಸಿಡರ್. ಹಸುಗಳಿಗೂ ಕಾರಿಗೂ ಒಂದೇ ತಗಡಿನ ಕೊಟ್ಟಿಗೆ. ನಡುವೆ ಮೊಣಕಾಲೆತ್ತರದ ಗೋಡೆ. ಒಂದು ಕಡೆ ಹಿಂಡಿಯ ವಾಸನೆ, ಇನ್ನೊಂದು ಕಡೆ ಗ್ರೀಸಿನ ವಾಸನೆ. ಹಸುವಿಗೆ ಹಾಕುವ ಹಿಂಡಿಗಿಂತ ಆ ಗಾಡಿಗೆ ಸುರಿಯುವ ಎಣ್ಣೆಯೇ ಜಾಸ್ತಿ, ಅದು ಕರೆಯುವುದು ಮಾತ್ರ ಹೊಗೆ ಎಂದು ಅತ್ತೆ ಗೊಣಗುತ್ತಿದ್ದರು.

ಮಾವನವರು ಬೇತಮಂಗಲದ ಕಡೆಯ ಹಳ್ಳಿಯವರು. ಮೀಸೆ ಮೂಡುವ ವಯಸ್ಸಿಗೆ ಚಿನ್ನದ ಗಣಿಗೆ ಸೇರಿ, ಚಾಂಪಿಯನ್ ರೀಫ್ಸ್‌ನ ಕಂಪ್ರೆಸರ್ ಹೌಸಿನಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು. ನೆಲದಾಳದಲ್ಲಿ ಬಂಡೆ ಕೊರೆಯುವವರ ಯಂತ್ರಗಳಿಗೆ ಪೈಪಿನಲ್ಲಿ ಗಾಳಿ ಕಳಿಸುವುದು ಅವರ ಕೆಲಸ. ಆ ಕಂಪ್ರೆಸರುಗಳ ಅಬ್ಬರ ಅವರ ಎರಡೂ ಕಿವಿಗಳನ್ನು ತಿಂದು ಹಾಕಿತ್ತು. ಅದರ ಬಗ್ಗೆ ಅವರಿಗೆ ದುಃಖವಿದ್ದಂತೆ ಕಾಣಲಿಲ್ಲ.

"ಕಿವಿ ಓದ್ರೆ ಓಗ್ಲಿ, ಕೈ ಐತಲ್ಲ" ಎನ್ನುತ್ತಿದ್ದರು.

ನಿಜವಾಗಿಯೂ ಅವರು ಕೈಯಲ್ಲೇ ಕೇಳುತ್ತಿದ್ದರು. ಎಂಜಿನ್ ಶುರು ಮಾಡಿ, ಬಾನೆಟ್ಟಿನ ಮೇಲೆ ಬಲ ಅಂಗೈ ಊರಿ, ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದರು. ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವವರ ಹಾಗೆ ಕಾಣುತ್ತಿತ್ತು.

ಬಂದ ಹೊಸದರಲ್ಲಿ ಅವರನ್ನು ಊಟಕ್ಕೆ ಕರೆಯುವುದೇ ನನಗೊಂದು ಕಷ್ಟ. ಸೊಸೆ ಮಾವನೆದುರು ಕೂಗಬಾರದು, ಮುಟ್ಟಿ ಕರೆಯುವುದಂತೂ ಇಲ್ಲವೇ ಇಲ್ಲ. ಹಿಂದೆ ನಿಂತು ಮೆಲ್ಲಗೆ ಕರೆದರೆ ಅವರಿಗೆ ಕೇಳದು. ಒಂದು ದಿನ ಸಾರು ಆರುತ್ತಿದೆಯೆಂಬ ಚಡಪಡಿಕೆಯಲ್ಲಿ ಕೈಯಲ್ಲಿದ್ದ ಸೌಟಿನಿಂದ ಕಾರಿನ ಮಡ್ಗಾರ್ಡಿಗೆ ತಟ್ಟಿದೆ. ಬಾನೆಟ್ಟಿನ ಮೇಲೆ ಕೈಯಿಟ್ಟಿದ್ದ ಅವರು ಥಟ್ಟನೆ ತಿರುಗಿದರು. ಮುಖವೆಲ್ಲ ನಗು. ಆ ಮಧ್ಯಾಹ್ನ ಊಟ ಮಾಡುತ್ತಲೇ ನನಗೆ ಗಣಿಯ ಬಡಿತದ ಲೆಕ್ಕ ಹೇಳಿಕೊಟ್ಟರು. ಜನರನ್ನು ಇಳಿಸಿ ಏರಿಸುವ ಕೇಜಿಗೆ ಗಂಟೆ ಬಡಿದು ಸೂಚನೆ ಕೊಡುತ್ತಾರಂತೆ. ಅದರಲ್ಲಿ ಒಂದೇ ಬಡಿತ ಎಂದರೆ ನಿಲ್ಲು. ಅದನ್ನು ಹಾಗೇ ಇಟ್ಟುಕೊಂಡು ಮಿಕ್ಕದ್ದನ್ನು ನಮ್ಮ ಅನುಕೂಲಕ್ಕೆ ಮಾಡಿಕೊಂಡೆವು. ಎರಡು ಎಂದರೆ ಎಂಜಿನ್ನಿನ ವೇಗ ಇಳಿಸು, ಮೂರು ಎಂದರೆ ಏರಿಸು. ಊಟಕ್ಕೆ ಕರೆಯಲು ಮಾತ್ರ ಟಕಟಕನೆ ಎಷ್ಟು ಬೇಕಾದರೂ ಬಡಿಯಬಹುದು. ಆಮೇಲೆ ಒಂದು ಸಣ್ಣ ಸ್ಪ್ಯಾನರನ್ನು ತೊಳೆದು ಒರೆಸಿ ನನ್ನ ಕೈಗಿಟ್ಟರು. ಸೌಟು ಬೇಡ, ನಿಮ್ಮತ್ತೆ ಬೈತಾಳೆ ಎಂದರು.

ಹೀಗೆ ನಾನು ಅವರ ಕಿವಿಯಾದೆ. ಅಂಗೈಗೆ ಸಿಗದ ಸಣ್ಣ ಸದ್ದುಗಳೂ ಇರುತ್ತವಲ್ಲ, ಅವು ನನ್ನ ಪಾಲಿಗೆ ಬಂದವು. ಬೆಲ್ಟಿನ ಕಿರುಗುಟ್ಟುವಿಕೆ, ಎಲ್ಲೋ ಗಾಳಿ ಸೋರುವ ಸದ್ದು. ಕೊಟ್ಟಿಗೆಯ ಬಾಗಿಲಲ್ಲಿ ಮಣೆ ಹಾಕಿಕೊಂಡು ಸೊಪ್ಪು ಸೋಸುತ್ತ, ಕಿವಿ ಮಾತ್ರ ಎಂಜಿನ್ ಕಡೆ ಇಟ್ಟುಕೊಂಡಿರುತ್ತಿದ್ದೆ.

ಆ ಕಾರಿಗೆ ಟರ್ಬೋ ಹಾಕಬೇಕೆಂಬುದು ಅವರ ನಿವೃತ್ತಿಯ ಕನಸು. ಬೇತಮಂಗಲದ ರಸ್ತೆಯಲ್ಲಿ ಒಂದು ಏರಿದೆ. ಅಲ್ಲಿ ನಮ್ಮ ಅಂಬಾಸಿಡರು ಏದುಸಿರು ಬಿಡುತ್ತಿದ್ದರೆ, ಮೇಲೆಲ್ಲ ಜನ ಕೂತ ಬಸ್ಸು ಹಾರನ್ ಹೊಡೆದು ಮುಂದೆ ಹೋಗುತ್ತಿತ್ತು. ಹಾರನ್ ಅವರಿಗೆ ಕೇಳಿಸುತ್ತಿರಲಿಲ್ಲ, ಬಸ್ಸಿನವರ ನಗು ಕಾಣಿಸುತ್ತಿತ್ತು. ಎಂಜಿನ್ ಕೆಟ್ಟದ್ದಲ್ಲ, ಅದಕ್ಕೆ ಉಸಿರು ಸಾಲದು ಎಂಬುದು ಅವರ ತೀರ್ಮಾನ. ಟರ್ಬೋ ಎಂದರೆ ಅವರ ಕಣ್ಣಿಗೆ ಒಂದು ಪುಟ್ಟ ಕಂಪ್ರೆಸರ್. ಸೈಲೆನ್ಸರಿಗೆ ಹೋಗುವ ಹೊಗೆಯ ರಭಸಕ್ಕೆ ಒಂದು ಚಕ್ರ ತಿರುಗುತ್ತದೆ, ಅದೇ ದಂಡದ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಎಳೆದು ಎಂಜಿನ್ನಿಗೆ ತುಂಬುತ್ತದೆ. ಬೆಂಗಳೂರಿನ ಗುಜರಿಯಿಂದ, ಯಾವುದೋ ವಿದೇಶಿ ಸಣ್ಣ ಲಾರಿಯದಂತೆ, ಒಂದನ್ನು ಗೋಣಿಚೀಲದಲ್ಲಿ ಸುತ್ತಿ ರೈಲಿನಲ್ಲಿ ತಂದರು. ಕೂರಿಸಲು ಕಬ್ಬಿಣದ ಹಲಗೆ ಕತ್ತರಿಸಿ, ವೆಲ್ಡಿಂಗ್ ಮಾಡಿಸಿ, ಎಣ್ಣೆ ಹೋಗಲು ತಾಮ್ರದ ಕೊಳವೆ ಬಗ್ಗಿಸಿ, ಒಂದು ಬೇಸಿಗೆ ಪೂರ್ತಿ ಅದರಲ್ಲೇ ಕಳೆದರು.

ಮೊದಲ ಸಲ ಅದು ಸಿಳ್ಳೆ ಹಾಕಿದಾಗ ಕೇಳಿದ್ದು ನನಗೊಬ್ಬಳಿಗೆ. ಸಿಳ್ಳೆ ಬಂತು ಎಂದು ಕೈಸನ್ನೆ ಮಾಡಿದೆ. ಹೇಗಿದೆ ಎಂದು ಹುಬ್ಬೇರಿಸಿದರು. ಹೇಗೆ ಹೇಳುವುದು? ತುಟಿ ಉರುಟು ಮಾಡಿ ಊದಿ ತೋರಿಸಿದೆ. ಮಾವನೆದುರು ಸಿಳ್ಳೆ ಹಾಕುವ ಸೊಸೆಯನ್ನು ಹಸುವಿನ ಕಡೆಯಿಂದ ಅತ್ತೆ ನೋಡಿದರು.

ಆ ಗಾಡಿಯನ್ನು ಸಾಕುವುದು ಸುಲಭವಿರಲಿಲ್ಲ. ಓಡಿ ಬಂದ ಮೇಲೆ ಕೂಡಲೇ ಆರಿಸುವ ಹಾಗಿಲ್ಲ, ಬಿಸಿ ಇಳಿಯುವವರೆಗೆ ನಿಂತಲ್ಲೇ ಎಂಜಿನ್ ನಿಧಾನಕ್ಕೆ ಓಡುತ್ತಿರಬೇಕು. ಬೀಗರು ಬಂದರೂ ಮಾವ ಇಳಿಯುತ್ತಿರಲಿಲ್ಲ. ಬಂದವರಿಗೆ ನೀರು ಕೊಡುವ ಮೊದಲು ಗಾಡಿಗೆ ಸುಧಾರಿಸಿಕೊಳ್ಳಲು ಬಿಡುವ ಮನೆ ಇದೊಂದೇ ಎಂದು ಅತ್ತೆ ಊರಿಗೆಲ್ಲ ಹೇಳಿಕೊಂಡು ಬಂದಿದ್ದರು. ಎಣ್ಣೆಯನ್ನು ಅವಧಿಗೆ ಮುಂಚೆಯೇ ಬದಲಿಸಬೇಕು. ಗಾಳಿಯ ರಬ್ಬರ್ ಪೈಪು ಬಿಚ್ಚಿ, ಟರ್ಬೋದ ದಂಡವನ್ನು ಬೆರಳಲ್ಲಿ ಅಲ್ಲಾಡಿಸಿ ಸವೆತ ನೋಡಬೇಕು. ನಿಂತ ಚಕ್ರವನ್ನು ಅವರು ಬೆರಳ ತುದಿಯಲ್ಲಿ ತಿರುಗಿಸಿ, ಅದು ಸುತ್ತಿ ಸುತ್ತಿ ನಿಲ್ಲುವುದನ್ನು ನೋಡುತ್ತ ಕೂರುತ್ತಿದ್ದರು.

ಅವರೆಕಾಯಿ ಕಾಲ ಬಂತು. ಸೈಲೆನ್ಸರಿನಿಂದ ನೀಲಿ ಹೊಗೆ ಬರತೊಡಗಿತ್ತು. ಟರ್ಬೋದೊಳಗಿನ ಎಣ್ಣೆ ತಡೆಯುವ ಸೀಲು ಹೋಗಿದೆ ಎಂದು ಬಿಚ್ಚಿ, ಎಲ್ಲಿಂದಲೋ ತರಿಸಿದ ಸೀಲು ಹಾಕಿ, ಒಂದು ಬೆಳಿಗ್ಗೆ ಮತ್ತೆ ಕೂರಿಸಿದರು. ಬ್ರೇಕೂ ಬಿಚ್ಚಿದ್ದರಿಂದ ಹಿಂದಿನ ಚಕ್ರಗಳನ್ನು ಮರದ ದಿಮ್ಮಿಗಳ ಮೇಲೆ ಎತ್ತಿಟ್ಟಿದ್ದರು. ಟರ್ಬೋದ ಚಕ್ರ ತಿರುಗುವುದು ಕಾಣಲೆಂದು ರಬ್ಬರ್ ಪೈಪನ್ನು ಇನ್ನೂ ಹಾಕಿರಲಿಲ್ಲ. ಟರ್ಬೋದ ಬಾಯಿ ತೆರೆದೇ ಇತ್ತು. ನಾನು ಪಕ್ಕದಲ್ಲೇ ಮಣೆಯ ಮೇಲೆ ಕೂತು, ನೆನೆಸಿದ ಅವರೆಕಾಳು ಹಿಸುಕುತ್ತಿದ್ದೆ.

ಎಂಜಿನ್ ಶುರುವಾಯಿತು. ಮಾವ ಮುಂದೆ ಬಂದು ಬಾನೆಟ್ಟಿನಂಚಿಗೆ ಅಂಗೈ ಊರಿ ನಿಂತರು. ಸಿಳ್ಳೆ ಸರಿಯಾಗೇ ಇತ್ತು. ಆಮೇಲೆ, ಯಾರೂ ಆಕ್ಸಿಲರೇಟರ್ ಒತ್ತದೆ, ಅದು ಏರತೊಡಗಿತು. ನಾನು ಎರಡು ಬಡಿದೆ. ಅವರು ಹುಬ್ಬು ಗಂಟಿಕ್ಕಿದರು. ಸಿಳ್ಳೆಯ ಕೆಳಗಿನಿಂದ ಒಂದು ದಪ್ಪ ಗುಟುರು ಎದ್ದಿತು. ಒಂದು ಬಡಿದೆ. ಅವರು ಕಿಟಕಿಯೊಳಗೆ ಕೈ ಹಾಕಿ ಎಂಜಿನ್ ನಿಲ್ಲಿಸುವ ಗುಂಡಿ ಎಳೆದರು. ನಿಲ್ಲಲಿಲ್ಲ. ಇನ್ನೂ ಏರಿತು.

ಹೊಸ ಸೀಲೂ ಎಣ್ಣೆ ತಡೆದಿರಲಿಲ್ಲ ಎಂದು ಆಮೇಲೆ ತಿಳಿಯಿತು. ಎಂಜಿನ್ ತನ್ನದೇ ಎಣ್ಣೆಯನ್ನು ಗಾಳಿಯ ಜೊತೆ ಎಳೆದುಕೊಂಡು ಉರಿಸುತ್ತಿತ್ತು. ಡೀಸೆಲ್ ನಿಲ್ಲಿಸಿದರೂ ಅದಕ್ಕೆ ಲೆಕ್ಕವಿರಲಿಲ್ಲ. ಎಣ್ಣೆ ಮುಗಿಯುವವರೆಗೆ, ಇಲ್ಲವೇ ಸಿಡಿದು ಚೂರಾಗುವವರೆಗೆ ಓಡುತ್ತದೆ. ಗೇರು ಹಾಕಿ ಬ್ರೇಕಿನಿಂದ ಹಿಡಿದು ನಿಲ್ಲಿಸೋಣವೆಂದರೆ ಬ್ರೇಕು ಬಿಚ್ಚಿ ನೆಲದ ಮೇಲಿತ್ತು. ಉಳಿದದ್ದು ಒಂದೇ ದಾರಿ, ಗಾಳಿ ಮುಚ್ಚುವುದು.

ಕೊಟ್ಟಿಗೆ ತುಂಬ ಹೊಗೆ. ದಿಮ್ಮಿಗಳ ಮೇಲೆ ಕಾರು ಕುಣಿಯುತ್ತಿತ್ತು. ಹಸುಗಳು ಹಗ್ಗ ಜಗ್ಗುತ್ತಿದ್ದವು. ನಾನು ಮಡ್ಗಾರ್ಡಿಗೆ ಬಡಿದೆ, ಬಡಿದೆ. ಗಾಡಿಯೇ ಇಡಿಯಾಗಿ ನಡುಗುತ್ತಿರುವಾಗ ನನ್ನ ಸ್ಪ್ಯಾನರಿನ ಬಡಿತ ಯಾವ ಅಂಗೈಗೆ ತಿಳಿಯಬೇಕು? ಆಗ ಕಂಡೆ. ಅವರ ಬಲಗೈ ಬಾನೆಟ್ಟಿನಿಂದ ಎದ್ದು, ಬೆರಳು ಅಗಲಿಸಿಕೊಂಡು, ಟರ್ಬೋದ ಬಾಯಿಯ ಕಡೆ ಹೋಗುತ್ತಿತ್ತು. ಅಲ್ಲಿ ಚಕ್ರವಿದೆಯೆಂದು ಕಾಣುತ್ತಲೇ ಇರಲಿಲ್ಲ. ಅಷ್ಟು ಜೋರಾಗಿ ತಿರುಗುವಾಗ ಅದು ಬರಿದಾದ ಒಂದು ಕಪ್ಪು ತೂತು. ಎಲ್ಲವನ್ನೂ ಕೈಯಿಂದಲೇ ತಿಳಿಯುವ ಮನುಷ್ಯ ಆ ತೂತಿಗೂ ಕೈಯನ್ನೇ ಒಡ್ಡುತ್ತಿದ್ದರು. ಅವರಿಗೆ ಉಳಿದಿದ್ದ ಕಿವಿ ಅದೊಂದೇ.

ಎದ್ದದ್ದು ನೆನಪಿಲ್ಲ. ಅವರ ಬೆನ್ನಿಗೆ, ಎರಡು ರೆಕ್ಕೆಮೂಳೆಗಳ ನಡುವೆ, ಮುಷ್ಟಿಯಿಂದ ಒಂದು ಗುದ್ದು ಗುದ್ದಿದೆ. ಒಂದೇ.

ಕೈ ನಿಂತಿತು. ಇದ್ದಲ್ಲೇ, ಗಾಳಿಯಲ್ಲೇ ನಿಂತಿತು. ಅವರು ತಿರುಗಿ ನೋಡಲೂ ಇಲ್ಲ, ಯಾಕೆಂದು ಕೇಳಲೂ ಇಲ್ಲ. ಗಣಿಯಲ್ಲಿ ಒಂದು ಎಂದರೆ ಒಂದೇ, ಯಾರು ಬಡಿದರೂ ಮೊದಲು ನಿಲ್ಲಬೇಕು, ಕೇಳುವುದೆಲ್ಲ ಆಮೇಲೆ ಎಂದು ಮುಂದೊಮ್ಮೆ ಹೇಳಿದರು.

ನಾನು ಕೂತಿದ್ದ ಮಣೆಯನ್ನು ಎತ್ತಿ ಅವರ ಮುಂದೆ ಹಿಡಿದೆ. ಅವರು ಕಸಿದುಕೊಂಡು ಆ ಬಾಯಿಗೆ ಅಡ್ಡವಿಟ್ಟು, ಎರಡೂ ಕೈಗಳಿಂದ ಒತ್ತಿ, ಎದೆ ಕೊಟ್ಟು ಒರಗಿದರು. ಮಣೆ ಕಚ್ಚಿಕೊಂಡಿತು. ಎಂಜಿನ್ನಿನ ದನಿ ಕಟ್ಟಿತು. ಕೆಮ್ಮಿದ ಹಾಗೆ ಒಂದೆರಡು ಸಲ ಕಾರು ಹಾರಿ ಬಿದ್ದು, ಸುಮ್ಮನಾಯಿತು. ತಗಡಿನ ಸೂರು ಮಾತ್ರ ಇನ್ನೂ ಸ್ವಲ್ಪ ಹೊತ್ತು ಗುಂಯ್‌ಗುಡುತ್ತಿತ್ತು. ನೆಲದ ತುಂಬ ಅವರೆಬೇಳೆ ಚೆಲ್ಲಿತ್ತು.

ಮಾವ ತಮ್ಮ ಬಲ ಅಂಗೈಯನ್ನು ಮುಂದೆ ಮಾಡಿ, ಹಿಂದೆ ಮಾಡಿ ನೋಡಿಕೊಂಡರು. ನಾನು ಬಾಗಿಲ ಕಂಬ ಹಿಡಿದುಕೊಂಡು ನಿಂತಿದ್ದೆ. ಮಾವನ ಮೈ ಮುಟ್ಟಿದ್ದೆ, ಅದೂ ಗುದ್ದಿದ್ದೆ. ಅವರು ನನ್ನ ಕಡೆ ತಿರುಗಿದರು.

"ಒಂದ್ ಒಡ್ದೆ ನೋಡು ತಾಯಿ," ಎಂದರು, "ಅದು ಕೇಳುಸ್ತು."

ಅತ್ತೆ ಆಗ ಕೊಟ್ಟಿಗೆಯಲ್ಲಿರಲಿಲ್ಲ. ನಡುಮನೆಯಲ್ಲಿದ್ದವರು ನೆಲ ಅದುರಿದ್ದೇ ತಡ, ಬೀದಿಗೆ ಓಡಿದ್ದರು. ಚಾಂಪಿಯನ್ ರೀಫ್ಸ್‌ನ ಲೈನ್ ಮನೆಗಳಲ್ಲಿ ಬದುಕು ಕಳೆದವರು. ಅಲ್ಲಿ ಗಣಿಯೊಳಗೆ ಬಂಡೆ ಸಿಡಿದರೆ ಮೇಲೆ ಮನೆಗಳು ಅದುರುತ್ತವೆ. ಏರ್ ಬ್ಲಾಸ್ಟ್ ಎನ್ನುತ್ತಾರೆ. ಹೆಂಗಸರೆಲ್ಲ ಬೀದಿಗೆ ಬಂದು, ಗಂಡಸರು ಗಣಿಗೆ ಇಳಿಯುವ ಶಾಫ್ಟಿನ ಕಡೆ ಮುಖ ಮಾಡಿ ನಿಲ್ಲುತ್ತಾರೆ. ಅತ್ತೆಯೂ ಬಂಗಾರಪೇಟೆಯ ಬೀದಿಯಲ್ಲಿ, ಶಾಫ್ಟೇ ಕಾಣದ ಊರಲ್ಲಿ, ಗಣಿಯಿರುವ ಪೂರ್ವಕ್ಕೆ ಮುಖ ಮಾಡಿ ನಿಂತಿದ್ದರಂತೆ. ಹೊಗೆ ಕಂಡ ಮೇಲೆ ಹಿತ್ತಿಲಿಗೆ ಬಂದರು.

"ಯಾವ್ ಪಾಳಿ ಒಳಗವ್ರೆ ಅಂತ ಪಕ್ಕದ್ಮನೆಯೋಳ್ನ ಕೇಳ್ಬಿಟ್ಟೆ ಕಣಮ್ಮ" ಎಂದು ನನ್ನ ಕೈ ಹಿಡಿದುಕೊಂಡರು. "ಇವ್ರು ಮನೇಲೇ ಅವ್ರೆ ಅನ್ನೋದೇ ಮರ್ತೋಗಿತ್ತು."

ನಡೆದದ್ದನ್ನು ಕೇಳಿ, ಗಂಡನ ಕೈಯನ್ನು ತಾವೂ ಹಿಡಿದು, ಬೆರಳುಗಳನ್ನು ಒಂದೊಂದಾಗಿ ನೀವಿ ನೋಡಿದರು. ಆಮೇಲೆ ಕಣ್ಣೊರೆಸಿಕೊಂಡು, ಮಾವನಿಗೇ ಹೊಡೆಯುವ ಸೊಸೆ ತಮ್ಮ ಮನೆಗೇ ಸಿಗಬೇಕಿತ್ತೇ ಎಂದರು. ಮರುದಿನದಿಂದ ಹಾಲಿಗೆ ಬಂದವರಿಗೆಲ್ಲ ಹಾಲಿನ ಜೊತೆಗೆ ಆ ಸುದ್ದಿಯನ್ನೂ ಅಳೆದು ಕೊಟ್ಟರು.

ಎಷ್ಟೋ ದಿನ ಮಾವ ಕಾರನ್ನು ಮುಟ್ಟಲಿಲ್ಲ. ಕೊಟ್ಟಿಗೆಯ ಗೋಡೆಯ ಮೇಲೆ ಕೂತು ಹಸುವಿಗೆ ಹುಲ್ಲು ತಿನ್ನಿಸುತ್ತಿದ್ದರು. ಭಯವೇ ಎಂದು ಕೈಸನ್ನೆಯಲ್ಲಿ ಕೇಳಿದೆ. ಅಲ್ಲವೆಂದು ತಲೆಯಾಡಿಸಿದರು.

"ನಾನು ಗಾಳಿ ಕೊಟ್ಟೋನು ತಾಯಿ. ಅವತ್ತೇ ಮೊದ್ಲು, ಉಸ್ರು ಕಟ್ಸಿದ್ದು."

ಅದನ್ನೇಕೆ ಕಿತ್ತೆಸೆಯಬಾರದು ಎಂದು ನನ್ನ ಗಂಡ ಕೂಗಾಡಿದರು. ನನಗೂ ಹಾಗೇ ಅನ್ನಿಸಿತ್ತು. ಆದರೆ ಗೋಡೆಯ ಮೇಲೆ ಕೂತ ಅವರ ಬೆನ್ನನ್ನು ನೋಡಿದಾಗ ಬಾಯಿ ಬರಲಿಲ್ಲ. ಕಡೆಗೊಂದು ಬೆಳಿಗ್ಗೆ ಟರ್ಬೋ ಬಿಚ್ಚಿದರು. ಈ ಸಲ ತಾವೇ ರಿಪೇರಿಗೆ ಕೂರದೆ, ಬೆಂಗಳೂರಿಗೆ ಒಯ್ದು ಬಲ್ಲವರಿಂದ ಸೀಲು ಹಾಕಿಸಿ ತಂದರು. ಗಾಳಿಯ ದಾರಿಗೆ ಒಂದು ತಗಡಿನ ಮುಚ್ಚಳ ಮಾಡಿ, ಎಳೆದರೆ ಅದು ಬಿಗಿಯಾಗಿ ಮುಚ್ಚಿಕೊಳ್ಳುವಂತೆ ಒಂದು ತಂತಿ ಕಟ್ಟಿ, ತಂತಿಯ ಹಿಡಿಯನ್ನು ಕಾರಿನೊಳಕ್ಕೆ ತಂದರು. ನೋಡಿದರೆ, ಆ ಹಿಡಿ ಡ್ರೈವರ್ ಕಡೆ ಇರಲಿಲ್ಲ. ಎಡಗಡೆ ಸೀಟಿನ ಮುಂದಿತ್ತು. ಅವರ ಕಡೆಗೆ ಬೆರಳು ತೋರಿಸಿ, ಅಲ್ಲಿರಬೇಡವೇ ಎಂದು ಕೇಳಿದೆ.

"ಕೇಳೋರ್ ಕೈಯಾಗಿರ್ಲಿ" ಎಂದರು.

ಅಲ್ಲಿಯವರೆಗೆ ನಾನು ಅತ್ತೆಯ ಜೊತೆ ಹಿಂದಿನ ಸೀಟಿನಲ್ಲೇ ಕೂರುತ್ತಿದ್ದವಳು. ಮಾವನ ಪಕ್ಕ ಮುಂದೆ ಕೂತದ್ದು ಅವತ್ತೇ ಮೊದಲು. ಅತ್ತೆ ಹಿಂದಿನಿಂದಲೇ ದೇವರ ಹೆಸರೆತ್ತುತ್ತಿದ್ದರು. ನನ್ನ ಎಡಗೈ ಹಿಡಿಯ ಮೇಲೇ ಇತ್ತು. ಬೇತಮಂಗಲದ ರಸ್ತೆಯ ಏರಿನ ಬುಡಕ್ಕೆ ಬರುವಾಗ ಮುಂದೆ ಬಸ್ಸು ಹೋಗುತ್ತಿತ್ತು. ಎದುರು ರಸ್ತೆ ಖಾಲಿ. ಸಿಳ್ಳೆ ಸಣ್ಣಗೆ ಶುರುವಾಯಿತು. ಮಾವ ಕಾಲು ಹಗುರ ಮಾಡಿ, ಸ್ಟೇರಿಂಗಿನಿಂದ ಎಡಗೈ ತೆಗೆದು ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಊರಿದರು. ಕಣ್ಣು ರಸ್ತೆಯ ಮೇಲೇ ಇತ್ತು. ನನ್ನ ಮಾತಿಗೆ ಕಾಯುತ್ತಿದ್ದರು.

ನನ್ನೊಳಗೆ ಇದ್ದದ್ದು ಒಂದೇ ಬಡಿತ. ಆದರೆ ಕಿವಿಗೊಟ್ಟು ಕೇಳಿದೆ. ಸಿಳ್ಳೆ ಶುದ್ಧವಾಗಿತ್ತು, ಅದರ ಕೆಳಗೆ ಗುಟುರು ಇರಲಿಲ್ಲ. ಹಿಡಿಯನ್ನು ಬಿಡದೆ, ಬಲಗೈಯ ಗೆಣ್ಣಿನಿಂದ ಅವರ ಅಂಗೈಯ ಪಕ್ಕದಲ್ಲೇ ಬಡಿದೆ.

ಮೂರು.