ಸೊಸೆಯ ತಲೆಯ ಗಡ್ಡೆ, ವಾರಗಿತ್ತಿಯ ಹುಳುಮನೆ

ನನ್ನ ಸೊಸೆಗೆ ಗಾಳಿ ಸೋಕಿರಲಿಲ್ಲ. ತಲೆಯೊಳಗೆ ಗಡ್ಡೆ ಇತ್ತು. ಅದನ್ನು ಗಾಳಿ ಅಂತ ಊರಿಗೆಲ್ಲ ಸಾರಿದವಳು ನನ್ನ ವಾರಗಿತ್ತಿ. ನಡೆದದ್ದು ಇಷ್ಟೇ. ಯಾರು ಬೇರೆ ಥರ ಹೇಳಿದರೂ ನಂಬಬೇಡಿ.

ನಮ್ಮದು ಮುಳಬಾಗಿಲಿನಿಂದಾಚೆ, ಆಂಧ್ರದ ಗಡಿಗೆ ಹತ್ತಿರದ ಊರು. ನಮ್ಮನೆ, ಭಾವನ ಮನೆ ಎದುರುಬದುರು. ಇಬ್ಬರಿಗೂ ಹಿಪ್ಪುನೇರಳೆ ತೋಟ, ಇಬ್ಬರಿಗೂ ರೇಷ್ಮೆಯ ಹುಳುಮನೆ. ಸೊಸೆ ಕ್ಯಾಲನೂರು ಕಡೆಯವಳು. ಕೈ ಚುರುಕು, ಬಾಯಿ ಕಮ್ಮಿ. ನನಗೆ ಎರಡೂ ಹಿಡಿಸಿತ್ತು.

ಹೋದ ವರ್ಷ ಬೇಸಿಗೆಯಲ್ಲಿ ಅವಳಿಗೆ ಭಯ ಶುರುವಾಯಿತು. ಯಾತರ ಭಯ ಅಂತ ಅವಳಿಗೇ ಗೊತ್ತಿಲ್ಲ. ಸೊಪ್ಪು ಕೊಯ್ಯುತ್ತಿದ್ದವಳು ಕುಡುಗೋಲು ಬಿಟ್ಟು ಎದೆ ಹಿಡಕೊಂಡು ಕೂತುಬಿಡೋಳು. ಕೈ ನಡುಕ, ಮೈಯೆಲ್ಲ ಬೆವರು.

"ಅತ್ತೆ, ಈಗ ಏನೋ ಆಗಿಬಿಡುತ್ತೆ."

"ಏನೇ ಆಗುತ್ತೆ? ಹೇಳು."

ಹೇಳೋಕೆ ಬರುತ್ತಿರಲಿಲ್ಲ. ಬೆಳಗ್ಗೆ ಎದ್ದರೆ ತಲೆನೋವು, ಒಂದೊಂದು ದಿನ ವಾಂತಿ. ಟೌನಿನ ಡಾಕ್ಟರು ಟೆನ್ಷನ್ ಅಂದು ಮಾತ್ರೆ ಕೊಟ್ಟರು. ನುಂಗಿ ಮಂಪರಲ್ಲಿ ಓಡಾಡಿದಳು. ಭಯ ಹೋಗಲಿಲ್ಲ.

ಮಳೆ ಹಿಡಿದ ಮೇಲೆ ವಾರಗಿತ್ತಿ ಮನೆಯ ಹುಳ ರೋಗ ಬಂದು ಸತ್ತವು. ನೆನೆದ ಸೊಪ್ಪನ್ನು ಆರಿಸದೆ ಹಾಕಿದ್ದರು, ಸಾಯದೆ ಇನ್ನೇನು? ಆದರೆ ಆ ವಾರ ನನ್ನ ಸೊಸೆ ಅವರ ಹುಳುಮನೆಗೆ ಹೋಗಿ ಸೊಪ್ಪು ಹಾಕಿಕೊಟ್ಟಿದ್ದಳು. ನಮ್ಮ ಕಡೆ ಹುಳುಮನೆಗೆ ಸಿಕ್ಕಸಿಕ್ಕವರನ್ನು ಬಿಡೋದಿಲ್ಲ, ಮೈಲಿಗೆಯವರಂತೂ ಹೊಸಲು ದಾಟೋ ಹಾಗಿಲ್ಲ. ವಾರಗಿತ್ತಿ ಆ ಕಟ್ಟಳೆ ಹಿಡಕೊಂಡಳು. ಅವಳ ತೌರು ಆಂಧ್ರದ ಕಡೆ, ಸಿಟ್ಟು ಬಂದರೆ ತೆಲುಗು ನುಗ್ಗುತ್ತೆ. ಡೈರಿ ಮುಂದೆ, ಎಲ್ಲರೂ ಹಾಲಿನ ಕ್ಯಾನು ಹಿಡಿದು ನಿಂತಿದ್ದಾಗ, ಸೊಸೆಗೆ ಅಂದಳು:

"ಏಮ್ಮಾ, ದಗ್ಗರಿಕಿ ರಾವದ್ದು! ದೂರ ನಿಂತ್ಕೋ. ಗಾಳಿ ಮೆಟ್ಟಿದೋಳು ನೀನು, ನಿನ್ನ ಉಸಿರು ತಾಕಿದ್ರೆ ಹುಳ ಉಳಿಯಲ್ಲ."

ಆವತ್ತಿಂದ ಬೀದಿಯಲ್ಲಿ ಯಾರೂ ಅವಳನ್ನು ಹುಳುಮನೆಗೆ ಕರೆಯಲಿಲ್ಲ. ವಾರಗಿತ್ತಿ ಅದೂ ಸಾಲದು ಅಂತ ನನ್ನ ಮಗನ ಕಿವಿ ಕಚ್ಚಿದಳು. "ತೌರಿಗೆ ಕಳಿಸಿಬಿಡು ಕಣೋ. ಮುಂದಿಂದು ಆಮೇಲೆ ನೋಡೋಣ." ಅವನು ಕಾರ್ಖಾನೆ ಕೆಲಸ ಮುಗಿಸಿ ಸೋತು ಬಂದಿದ್ದ, ಹೂಂ ಅಂದ.

ನಾನು ಅಂದೆ, "ಕಳಿಸು. ಅವಳ ಹಿಂದೆ ನಾನೂ ಹೋಗ್ತೀನಿ. ನಿನ್ನ ದೊಡ್ಡಮ್ಮ ಬಂದು ಮುದ್ದೆ ತಿರುವಿ ಇಕ್ಕಲಿ."

ಕೈಕಾಲು ತೊಳೆದು ಊಟಕ್ಕೆ ಕೂತ.

ಒಂದು ದಿನ ಸೊಸೆ ದನದ ಕೊಟ್ಟಿಗೆಯಲ್ಲಿ ಬಿದ್ದು ಕೈಕಾಲು ಸೆಟೆದಳು. ಕೋಲಾರಕ್ಕೆ ಹೊತ್ತುಕೊಂಡು ಓಡಿದೆವು. ಸ್ಕ್ಯಾನ್ ಮಾಡಿಸಿದ ಮೇಲೆ ಡಾಕ್ಟರಮ್ಮ ಫಿಲಂ ಬೆಳಕಿಗೆ ಹಿಡಿದು ತೋರಿಸಿದಳು. ನಿಂಬೆಹಣ್ಣಿನಷ್ಟು ಬೆಳ್ಳಗೆ ಒಂದು ಗಡ್ಡೆ.

"ಕ್ಯಾನ್ಸರ್ ಥರ ಕಾಣ್ತಿಲ್ಲಮ್ಮ. ನಿಧಾನಕ್ಕೆ ಬೆಳೆಯೋ ಗಡ್ಡೆ. ಆದ್ರೆ ಮೆದುಳನ್ನ ಒತ್ತುತಾ ಇದೆ, ತೆಗೀಬೇಕು."

"ಅವಳ ಭಯ ಇದರಿಂದಲೇನಾ?"

"ಇರಬಹುದು. ಭಯ ಪಡೋರಿಗೆಲ್ಲ ಗಡ್ಡೆ ಇರಲ್ಲ. ಬಹಳ ಜನಕ್ಕೆ ಭಯವೇ ಕಾಯಿಲೆ, ಅದಕ್ಕೂ ಔಷಧಿ ಇದೆ. ಇವರಿಗೆ ಗಡ್ಡೆಯೂ ಸೇರಿಕೊಂಡಿರಬಹುದು."

ಬೆಂಗಳೂರಿಗೆ ಹೊರಡೋ ದಿನ ವಾರಗಿತ್ತಿ ಗಾಳಿ ಬಿಡಿಸೋಕೆ ಅಂತ ಒಂದು ತಾಯಿತ ತಂದು ಸೊಸೆಯ ತೋಳಿಗೆ ಕಟ್ಟಿದಳು. ಅಲ್ಲಿ ಆಪರೇಷನ್ ಆಯಿತು. ತೆಗೆದಿದ್ದನ್ನು ಪರೀಕ್ಷೆ ಮಾಡಿ ಕ್ಯಾನ್ಸರ್ ಅಲ್ಲ ಅಂದರು. ತಲೆ ಬೋಳಿಸಿಕೊಂಡು, ಹೊಲಿಗೆ ಹಾಕಿಸಿಕೊಂಡು ಮನೆಗೆ ಬಂದಳು. ಭಯ ಪೂರ್ತಿ ಹೋಯಿತು ಅಂತ ಸುಳ್ಳು ಹೇಳಲ್ಲ. ಆದರೆ ಕೂದಲು ಚಿಗುರೋ ಹೊತ್ತಿಗೆ ಒಬ್ಬಳೇ ತೋಟಕ್ಕೆ ಹೋಗಿ ಸೊಪ್ಪು ಕೊಯ್ದು ತರುತ್ತಿದ್ದಳು.

ಆಗ ಒಂದು ಸಂಜೆ ವಾರಗಿತ್ತಿ ಬಾಳೆಹಣ್ಣು ಹಿಡಕೊಂಡು ಬಂದಳು.

"ನಾನು ತಂದು ಕಟ್ಟಿದ ತಾಯಿತ ಕಾಪಾಡ್ತು ನೋಡೇ."

ಆ ತಾಯಿತವನ್ನು ಆಪರೇಷನ್‌ಗೆ ಮುಂಚೆಯೇ ನರ್ಸು ಬಿಚ್ಚಿ ನನ್ನ ಕೈಗೆ ಕೊಟ್ಟಿದ್ದಳು. ನಾನು ಕಸದ ಬುಟ್ಟಿಗೆ ಹಾಕಿದ್ದೆ.

"ನಾಳೆ ನಮ್ಮ ಹುಳ ಹಣ್ಣಾಗುತ್ತೆ," ಅಂದಳು. "ನೀನು ಬಂದುಬಿಡು. ಅವಳು ಬೇಡ. ಪಾಪ, ಮನೇಲೇ ಇರಲಿ."

"ಆಗಲಿ ಅಕ್ಕ," ಅಂದೆ.

ಹುಳ ಹಣ್ಣಾಗಿ ಗೂಡು ಕಟ್ಟೋಕೆ ಬಂದರೆ ಕಾಯೋದಿಲ್ಲ. ಕೂಡಲೇ ಆರಿಸಿ, ಗೂಡು ಕಟ್ಟೋ ಬಿದಿರ ತಟ್ಟೆ ಚಂದ್ರಿಕೆಗೆ ಬಿಡಬೇಕು, ಇಲ್ಲದಿದ್ದರೆ ಗೋಡೆ, ಸಂದಿ ಅನ್ನದೆ ಸಿಕ್ಕಲ್ಲಿ ಗೂಡು ಕಟ್ಟಿ ಹಾಳಾಗುತ್ತವೆ. ಅದಕ್ಕೇ ಬೀದಿಯ ಹೆಂಗಸರೆಲ್ಲ ಒಬ್ಬರ ಮನೆ ಕೆಲಸಕ್ಕೆ ಒಬ್ಬರು ಕೈ ಜೋಡಿಸೋದು.

ಮಾರನೆ ಬೆಳಗ್ಗೆ ಸ್ಕ್ಯಾನ್ ಫಿಲಂ ತಗೊಂಡು ಡೈರಿಗೆ ಹೋದೆ. ಹೆಂಗಸರಿಗೆಲ್ಲ ಬಿಸಿಲಿಗೆ ಹಿಡಿದು ತೋರಿಸಿದೆ. "ಇದೇ ಆ ಗಾಳಿ, ನೋಡ್ಕೊಳ್ಳಿ. ನನ್ನ ಸೊಸೆ ಬೇಡ ಅಂದ ಹುಳುಮನೆಗೆ ಇವತ್ತು ಯಾರು ಹೋಗ್ತೀರೋ ಹೋಗಿ. ಹೋದವರ ಮನೆ ಹುಳ ಹಣ್ಣಾದಾಗ ನಮ್ಮನೆಯಿಂದ ಯಾರೂ ಬರಲ್ಲ." ಯಾರೂ ಹೋಗಲಿಲ್ಲ.

ವಾರಗಿತ್ತಿ ನಮ್ಮ ಜಗಲಿಗೆ ಓಡಿ ಬಂದಳು. "ಬಾರೇ, ಹುಳ ಗೋಡೆ ಹತ್ತುತಾ ಇವೆ!"

"ನನ್ನ ಯಾಕೆ ಕರೀತೀಯ? ಅವಳನ್ನ ಕರಿ. ಬೀದಿಗೆಲ್ಲ ಕೇಳಿಸಲಿ."

ಸೊಸೆ ಪಿಸುಗುಟ್ಟಿದಳು, "ಅತ್ತೆ, ಹುಳ ಏನು ಮಾಡಿದ್ವು?"

"ಸುಮ್ನೆ ಕೂತ್ಕೊಳ್ಳೇ."

ವಾರಗಿತ್ತಿ ತನ್ನ ಮನೆಗೆ ಹೋದಳು, ವಾಪಸು ಬಂದಳು, ಮತ್ತೆ ಹೋದಳು. ಕೊನೆಗೆ ಬೀದಿಯ ಮಧ್ಯೆ ನಿಂತು, ಎಲ್ಲರ ಎದುರಿಗೆ ಸೊಸೆಯನ್ನು ಕೂಗಿದಳು: "ನೀನೇ ಬಾಮ್ಮಾ ನಮ್ಮ ಹುಳುಮನೆಗೆ."

ಸೊಸೆ ತಲೆಗೆ ಸೆರಗು ಹೊದ್ದು ಅವರ ಹುಳುಮನೆಯೊಳಗೆ ಹೋದಳು. ಉಳಿದ ಹೆಂಗಸರೂ ಅವಳ ಹಿಂದೆ ಹೋದರು. ಅಷ್ಟರಲ್ಲಿ ಅರ್ಧ ಹುಳ ಗೋಡೆ ಪಾಲಾಗಿದ್ದವು. ನಾನು ಹೋಗಲಿಲ್ಲ. ಮೊರ ತಂದು, ಅವರ ಬಾಗಿಲಿಗೆ ಎದುರಾಗಿ ಕೂತು, ರಾಗಿ ಕೇರಿದೆ.